ಉಬ್ಬಿದ್ದು ಊರಿಗೆ

ಗಾಡಿಯ ಮುಂದೆ ನಿಂತು ಪಾನಿಪುರಿ ತಿಂದು, ಬಾಯಿ ಒರೆಸಿಕೊಂಡು ಮನೆ ಸೇರುವ ಜನ ಹೇಳುವ ಮಾತೊಂದಿದೆ: "ಏನೇ ಹೇಳಿ, ಇದನ್ನ ಮನೇಲಿ ಮಾಡಿದ್ರೆ ಈ ರುಚಿ ಬರಲ್ಲ." ಕೆಳಗಿನ ಮನೆಯವರು ಮೆಟ್ಟಿಲ ಮೇಲೆ ಸಿಕ್ಕಾಗಲೆಲ್ಲ ಇದನ್ನೇ ಹೇಳುತ್ತಿದ್ದರು. ಪೂರಿಯಕ್ಕ "ಹೌದಾ" ಎಂದು ತಲೆಯಾಡಿಸಿ, ಮೇಲೆ ಬಂದು ಬಾಗಿಲು ಹಾಕಿಕೊಂಡು ನಗುತ್ತಿದ್ದಳು. ನಗದೆ ಇನ್ನೇನು ಮಾಡುವುದು? ಆ ಗಾಡಿಯ ಮೇಲಿದ್ದದ್ದೆಲ್ಲ ಅವಳ ಮನೆಯಲ್ಲೇ, ಅವಳ ಎರಡು ಕೈಗಳಿಂದಲೇ ಆದದ್ದು. ಬೀದಿಯದು ಅಂತ ಇದ್ದದ್ದು ನಾಲ್ಕು ಚಕ್ರ, ಒಂದು ದೀಪ, ಮತ್ತು ಅವಳ ಗಂಡ.

ಗಂಡನಿಗೆ ಬೀದಿಯವರು ಇಟ್ಟ ಹೆಸರು ಇನ್ನೊಂದಪ್ಪ. ಅವನು ಗಿರಾಕಿಯ ಮುಖ ನೋಡಿದವನೇ ಅಲ್ಲ. ಕಣ್ಣೆಲ್ಲ ಕೈಯಲ್ಲಿರುವ ಬಟ್ಟಲಿನ ಮೇಲೆ. ಬಟ್ಟಲು ಖಾಲಿಯಾಯಿತೋ, "ಇನ್ನೊಂದು?" ಎಂದು ಕೇಳಿಯಾಯಿತು. ಮದುವೆಯಾಗಿ ಮಕ್ಕಳನ್ನು ಎತ್ತಿಕೊಂಡು ಬಂದ ಹಳೆಯ ಗಿರಾಕಿಗಳ ಗುರುತೂ ಅವನಿಗೆ ಹತ್ತುತ್ತಿರಲಿಲ್ಲ, ಆದರೆ ಅವರ ಬೆರಳುಗಳನ್ನು ಕಂಡರೆ "ಓ, ಖಾರ ಜಾಸ್ತಿ ಅಲ್ವಾ ನಿಮಗೆ" ಅನ್ನುತ್ತಿದ್ದ. ಜನ ಅವನ ಕೈಗುಣವನ್ನು ಹಾಡಿ ಹೊಗಳುತ್ತಿದ್ದರು. ಕೈಗುಣವೇನೋ ನಿಜ, ಕೈ ಮಾತ್ರ ಬೇರೆಯದು.

ಆ ಕೈಗಳು ಬೆಳಕು ಹರಿಯುವ ಮೊದಲೇ ರವೆ ಕಲಸಲು ಕೂರುತ್ತಿದ್ದವು. ಹಿಟ್ಟು ಗಟ್ಟಿಯಾಗಿರಬೇಕು, ಒದ್ದೆ ಬಟ್ಟೆಯ ಕೆಳಗೆ ಒಂದಿಷ್ಟು ಹೊತ್ತು ಮಲಗಬೇಕು. ಆಮೇಲೆ ತೆಳ್ಳಗೆ ಲಟ್ಟಿಸಿ, ಲೋಟದ ಬಾಯಿಯಿಂದ ಒತ್ತಿ ಒತ್ತಿ ಬಿಲ್ಲೆ ತೆಗೆಯಬೇಕು. ಕಾದ ಎಣ್ಣೆಗೆ ಬಿಟ್ಟ ಬಿಲ್ಲೆಯ ನೆತ್ತಿಯನ್ನು ಜಾಲರಿ ಸೌಟಿನಿಂದ ಮೆಲ್ಲಗೆ ಒತ್ತಿದರೆ ಅದು ಮುನಿಸಿಕೊಂಡ ಮಗುವಿನ ಕೆನ್ನೆಯಂತೆ ಉಬ್ಬುತ್ತದೆ. ಎಲ್ಲವೂ ಉಬ್ಬುವುದಿಲ್ಲ. ಹತ್ತರಲ್ಲಿ ಒಂದಾದರೂ ಚಪ್ಪಟೆಯಾಗಿ ಉಳಿದು ಬಿಡುತ್ತದೆ, ಇಲ್ಲವೇ ಒಡೆಯುತ್ತದೆ. ಅದಕ್ಕೆ ಅವಳ ಅತ್ತೆ ಹಾಕಿಕೊಟ್ಟ ಕಾನೂನೊಂದಿತ್ತು: ಉಬ್ಬಿದ್ದು ಊರಿಗೆ, ಚಪ್ಪಟೆ ಮನೆಗೆ. ಅತ್ತೆ ಹೋಗಿ ಎಷ್ಟೋ ಕಾಲವಾದರೂ ಕಾನೂನು ಹೋಗಲಿಲ್ಲ. ಗಾಡಿ ಹೊರಟ ಮೇಲೆ ಅಮ್ಮ ಮಗಳು ಅಡುಗೆಮನೆಯ ನೆಲದ ಮೇಲೆ ಕೂತು, ಚಪ್ಪಟೆ ಪೂರಿಗಳ ಮೇಲೆ ಉಳಿದ ಆಲೂಗಡ್ಡೆ ಸವರಿಕೊಂಡು ತಿನ್ನುತ್ತಿದ್ದರು. ಪಾನಿಪುರಿ ಅಂದರೆ ಚಪ್ಪಟೆಯಾಗಿಯೇ ಇರುತ್ತದೆಂದು ಮಗಳು ಶಾಲೆಯಲ್ಲಿ ವಾದ ಮಾಡಿ, ಗೆಳತಿಯ ಜುಟ್ಟು ಹಿಡಿದು ಜಗಳವಾಡಿ ಬಂದಿದ್ದಳು. ಪಾನಿಪುರಿಯವನ ಮಗಳೇ ಹೇಳಿದ ಮೇಲೆ ನಂಬದೆ ಏನು ಮಾಡುವುದೆಂದು ಅರ್ಧ ತರಗತಿ ಅವಳ ಪಕ್ಷ ವಹಿಸಿತ್ತಂತೆ.

ಪಾನಿಯ ವಿಷಯ ಇನ್ನೂ ಒಂದು ಕೈ ಮೇಲು. ಪುದೀನ, ಕೊತ್ತಂಬರಿ, ಹಸಿಮೆಣಸು, ಶುಂಠಿ ರುಬ್ಬಿ, ಹುಣಿಸೆ ರಸ ಬೆರೆಸಿ, ಕರಿ ಉಪ್ಪು ಹಾಕಿದ ಮೇಲೆ ಇನ್ನೊಂದಪ್ಪ ಒಂದು ಚಮಚ ತೆಗೆದು ಹೆಂಡತಿಯ ಅಂಗೈಗೆ ಹಾಕುತ್ತಿದ್ದ. ದಿನವೂ ಅದರ ಘಾಟಿನಲ್ಲೇ ನಿಂತು ನಿಂತು ತನ್ನ ನಾಲಿಗೆ ಸತ್ತಿದೆ ಎಂಬುದು ಅವನ ದೂರು. ಅವಳು ನೆಕ್ಕುತ್ತಿದ್ದಳು, ಅವನು ಅವಳ ಕಣ್ಣು ನೋಡುತ್ತಿದ್ದ. ಕಣ್ಣಲ್ಲಿ ನೀರಾಡಿದರೆ ಖಾರ ಸರಿಯಾಗಿದೆ ಎಂದು ಲೆಕ್ಕ. ಆಡದಿದ್ದರೆ ಇನ್ನೆರಡು ಮೆಣಸಿನಕಾಯಿ. ಇಡೀ ಬೀದಿ ಮೆಚ್ಚಿದ ಖಾರಕ್ಕೆ ಅಳತೆಗೋಲು ಈ ಹೆಂಗಸಿನ ಕಣ್ಣು.

ಇಷ್ಟೆಲ್ಲ ಮಾಡಿದವಳು ಒಂದು ದಿನವೂ ಆ ಗಾಡಿಯ ಮುಂದೆ ನಿಂತು ತಿಂದಿರಲಿಲ್ಲ. ಮದುವೆಯಾದ ಹೊಸದರಲ್ಲಿ ಅವನು, "ಒಂದಿನ ಸಂಜೆ ಬಾ, ಗಾಡಿ ಹತ್ರ ತಿನ್ಸ್ತೀನಿ" ಎಂದಿದ್ದ. ಅವಳು ಆ ಸಂಜೆಗೆ ಹಸಿರು ಸೀರೆಯೊಂದನ್ನು ಮಡಿಸಿ ಇಟ್ಟಿದ್ದಳು ಕೂಡ. ಅಷ್ಟರಲ್ಲಿ ಬಸುರಿ, ಬಾಣಂತಿ. ಆಮೇಲೆ ಅತ್ತೆ ಹಾಸಿಗೆ ಹಿಡಿದರು. ಆಮೇಲೆ ಮಗಳ ಪರೀಕ್ಷೆ, ಮಗಳ ಮದುವೆ. ನಾಳೆ ಎಂದವನ ಮನೆ ಹಾಳು ಅನ್ನುತ್ತಾರೆ. ಇವರ ಮನೆಯೇನೂ ಹಾಳಾಗಲಿಲ್ಲ, ಆ ಸಂಜೆಯೊಂದು ಹಾಳಾಯಿತು ಅಷ್ಟೆ.

ಕೊನೆಗೆ ಇನ್ನೊಂದಪ್ಪನ ಮಂಡಿ ಸೋತಿತು. ದಿನವೆಲ್ಲ ನಿಂತೇ ಬದುಕಿದ ಮಂಡಿ, ಎಷ್ಟೂಂತ ತಡೆದೀತು? ಮಗಳು ಬಂದು, "ಸಾಕು ಅಪ್ಪ, ಇನ್ನು ಕೂತ್ಕೊಳ್ಳಿ" ಎಂದು ಗದರಿದಳು. ಪಕ್ಕದ ಬೀದಿಯ ಬಾಳೆಹಣ್ಣಿನವನು ಗಾಡಿಯನ್ನು ಕೊಂಡು ಭಾನುವಾರ ಬೆಳಿಗ್ಗೆ ತಳ್ಳಿಕೊಂಡು ಹೋಗುವುದೆಂದು ಮಾತಾಯಿತು. ಪೂರಿಯಕ್ಕ ಲಟ್ಟಿಸುತ್ತಿದ್ದವಳು ಲಟ್ಟಣಿಗೆ ಕೆಳಗಿಟ್ಟಳು. ಗಾಡಿ ಹೋದರೆ ಹೋಗಲಿ, ತನ್ನ ಸಂಜೆಯೂ ಅದರ ಜೊತೆಗೇ ಹೋಗುತ್ತದಲ್ಲ ಎಂದು ಅವಳಿಗೆ ಮೊದಲ ಸಲ ಹೊಳೆಯಿತು.

"ನಾನು ಗಾಡಿ ಮುಂದೆ ನಿಂತು ತಿನ್ಬೇಕು," ಎಂದಳು.

ಗಂಡ ನಕ್ಕ. "ಅದಕ್ಯಾಕೆ ಅಲ್ಲಿ ತನಕ ನಡೀತೀಯ? ಎಲ್ಲಾ ಮನೇಲೇ ಇದೆಯಲ್ಲ. ಕೂತ್ಕೋ, ಇಲ್ಲೇ ತಿನ್ಸ್ತೀನಿ."

ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಅವಳನ್ನು ಮೇಜಿನ ಮುಂದೆ ಕೂರಿಸಿ, ಹೆಗಲಿಗೆ ಟವೆಲ್ ಹಾಕಿಕೊಂಡು, ಪಾತ್ರೆಗಳನ್ನೆಲ್ಲ ಗಾಡಿಯ ಕ್ರಮದಲ್ಲೇ ಜೋಡಿಸಿ ನಿಂತ. ಪೂರಿ ಒಡೆದು ಆಲೂಗಡ್ಡೆ ತುಂಬುವಷ್ಟರಲ್ಲಿ ಅವಳು ಒಲೆ ಸಣ್ಣ ಮಾಡಲು ಎದ್ದಳು. ಕೂತಳು. "ಚಮಚ ಎಲ್ಲಿದೆ?" ಎಂದ. ಎದ್ದಳು. ಅವನು ಪಾನಿ ಚೆಲ್ಲಿದ. ಬಟ್ಟೆ ತಂದು ಒರೆಸಿದಳು. ವಾಪಸು ಬಂದು ನೋಡಿದರೆ ತಟ್ಟೆಯಲ್ಲಿದ್ದ ಪೂರಿ ನೆನೆದು ಕುಸಿದು ಕೂತಿತ್ತು. ಅದನ್ನು ಬಾಯಿಗೆ ಹಾಕಿಕೊಂಡಳು. ಅದೇ ಪೂರಿ, ಅದೇ ಪಾನಿ, ಬಡಿಸಿದ್ದು ಅದೇ ಕೈ. ಆದರೆ ಕೆಳಗಿನ ಮನೆಯವರ ಮಾತು ನಿಜವೆಂದು ಅವಳಿಗೆ ಅಂದು ಒಪ್ಪಿಗೆಯಾಯಿತು. ಮನೆಯಲ್ಲಿ ಈ ರುಚಿ ಬರುವುದಿಲ್ಲ, ಯಾಕೆಂದರೆ ಮನೆಯಲ್ಲಿ ಅವಳು ಎದ್ದೇಳಲೇಬೇಕು.

"ಇದಲ್ಲ," ಎಂದಳು. ಅವನಿಗೆ ಅರ್ಥವಾಯಿತೋ ಇಲ್ಲವೋ, ಟವೆಲ್ ತೆಗೆದು ಮಡಿಸಿಟ್ಟ.

ಶನಿವಾರ ಸಂಜೆ ಗಾಡಿ ಹೊರಟ ಮೇಲೆ ಅವಳು ಕಪಾಟು ತೆಗೆದಳು. ಆ ಹಳೆಯ ಹಸಿರು ಸೀರೆ ಎಂದೋ ಒರೆಸುವ ಅರಿವೆಯಾಗಿ ಸವೆದು ಹೋಗಿತ್ತು. ಹಸಿರಿನದೇ ಇನ್ನೊಂದು ಸಿಕ್ಕಿತು, ಅದನ್ನೇ ಉಟ್ಟಳು. ದಾರಿಯಲ್ಲಿ ಸಿಕ್ಕಿದ ಕೆಳಗಿನ ಮನೆಯವರು, "ಎಲ್ಲಿಗೆ ಇಷ್ಟು ಚೆನ್ನಾಗಿ?" ಎಂದರು.

"ಪಾನಿಪುರಿ ತಿನ್ನಕ್ಕೆ. ಮನೇಲಿ ಮಾಡಿದ್ರೆ ಆ ರುಚಿ ಬರಲ್ಲ ನೋಡಿ," ಎಂದು ಹೇಳಿ ಮುಂದೆ ನಡೆದಳು.

ತಿರುವಿನಲ್ಲಿ ದೀಪದ ಕೆಳಗೆ ಗಾಡಿ ನಿಂತಿತ್ತು, ಸುತ್ತ ಜನ. ತಾನು ಲಟ್ಟಿಸಿದ ಪೂರಿಗಳು ಪರರ ಬಾಯಿಗೆ ಹೋಗುವುದನ್ನು, ಕೆನ್ನೆ ಉಬ್ಬುವುದನ್ನು, ಕಣ್ಣು ಮುಚ್ಚುವುದನ್ನು ಅವಳು ಕಣ್ತುಂಬ ನೋಡಿದಳು. ಇಷ್ಟು ವರ್ಷ ತನಗೆ ಬರಬೇಕಾದ ಮೆಚ್ಚುಗೆ ಇಲ್ಲೇ ಬೀದಿಯಲ್ಲಿ ಬಿದ್ದಿತ್ತಲ್ಲ ಅನ್ನಿಸಿತು. ಮುಂದೆ ಹೋದವಳಿಗೆ ಗಾಡಿಯ ಮೂಲೆಯಲ್ಲಿ ಪಾನಿ ಚೆಲ್ಲಿದ್ದು ಕಣ್ಣಿಗೆ ಬಿತ್ತು. ಕಾಲುಗಳು ತಮ್ಮಷ್ಟಕ್ಕೆ ಗಾಡಿಯ ಹಿಂಬದಿಗೆ ನಡೆದವು, ಕೈ ತನ್ನಷ್ಟಕ್ಕೆ ಅರಿವೆ ಎತ್ತಿಕೊಂಡು ಒರೆಸತೊಡಗಿತು. ಬುಟ್ಟಿಯೊಳಗಿನ ಒಡಕು ಪೂರಿಗಳನ್ನು ಬೇರೆ ಮಾಡಿ ಇಡಲು ಬೆರಳು ಇಳಿಯಿತು.

ಇನ್ನೊಂದಪ್ಪ ತಲೆಯೆತ್ತಲಿಲ್ಲ, ಆ ಬೆರಳುಗಳನ್ನು ನೋಡಿದ. "ಗಿರಾಕಿಗಳು ಆ ಕಡೆ ನಿಲ್ಬೇಕು," ಎಂದ.

ಪೂರಿಯಕ್ಕ ಅರಿವೆ ಕೆಳಗಿಟ್ಟು, ಸುತ್ತಿ ಬಂದು, ಸಾಲಿನ ಕೊನೆಯಲ್ಲಿ ನಿಂತಳು. ಅವಳ ಸರದಿ ಬಂದಾಗ ಅವನು ಬಟ್ಟಲು ಕೊಟ್ಟು, ಬಟ್ಟಲಿನಿಂದ ಕಣ್ಣೆತ್ತಿ ಮುಖ ನೋಡಿದ.

"ಖಾರ ಎಷ್ಟು ಹಾಕ್ಲಿ?"

ಅವಳು ತಬ್ಬಿಬ್ಬಾದಳು. ಈ ಪ್ರಶ್ನೆಯನ್ನು ಯಾರೂ ಅವಳನ್ನು ಕೇಳಿರಲಿಲ್ಲ. "ಎಲ್ಲರಿಗೂ ಹೆಂಗೋ ಹಂಗೇ," ಎಂದಳು.

"ಎಲ್ಲರದ್ದು ಬೇಡ. ನಿಂದು ಹೇಳು."

ಅವಳು ಬಟ್ಟಲನ್ನು ಮುಂದೆ ಹಿಡಿದಳು. "ಖಾರ ಬೇಡ. ಸಿಹಿ ಚಟ್ನಿ ಜಾಸ್ತಿ."

ಅವನ ಸೌಟು ಪಾನಿಯ ಮಡಕೆಯ ಬಾಯಲ್ಲೇ ನಿಂತಿತು. "ದಿನಾ ಖಾರ ನೋಡ್ತಿದ್ದೋಳು ನೀನೇ ಅಲ್ವಾ? ನಿಂಗೆ ಖಾರ ಆಗಲ್ವಾ?"

"ನೀವು ಕಣ್ಣಲ್ಲಿ ನೀರು ಬಂತಾ ಅಂತ ನೋಡ್ತಿದ್ರಿ. ಇಷ್ಟಾನಾ ಅಂತ ಯಾವತ್ತು ಕೇಳಿದ್ರಿ?"

ಅವಳು ಸಿಟ್ಟಿನಿಂದೇನೂ ಹೇಳಲಿಲ್ಲ, ಆದರೂ ಅವನಿಗೆ ನಾಟಿತು. ಹಿಂದೆ ನಿಂತವರು ಕೆಮ್ಮಿದರು, ಅವನು ಕೇಳಿಸಿಕೊಳ್ಳಲಿಲ್ಲ. ಬುಟ್ಟಿಯಲ್ಲಿ ಕೈಯಾಡಿಸಿ ಚೆನ್ನಾಗಿ ಉಬ್ಬಿದ ಪೂರಿ ಆರಿಸಿದ. ಹೆಬ್ಬೆರಳಿನಿಂದ ನೆತ್ತಿ ಒಡೆದ. ಆಲೂಗಡ್ಡೆ ತುಂಬಿ, ಖರ್ಜೂರ ಬೆಲ್ಲದ ಸಿಹಿಯಲ್ಲಿ ಅದ್ದಿ ಬಟ್ಟಲಿಗಿಟ್ಟ. ಅವಳು ಬಾಯಿಗೆ ಹಾಕಿಕೊಂಡಳು. ಕಚ್ಚಿದೊಡನೆ ಅದು ಒಳಗೆ ಒಡೆಯಿತು. ಅದು ಬಾಯಿ ತುಂಬ ಒಡೆಯುತ್ತದೆ ಎಂಬುದೇ ಅದನ್ನು ಮಾಡಿದವಳಿಗೆ ಗೊತ್ತಿರಲಿಲ್ಲ. "ಇನ್ನೊಂದು?" ಎಂದ. ಇನ್ನೊಂದು ತಿಂದಳು. ಒಂದು ಸಲವೂ ಎದ್ದು ಹೋಗಬೇಕಾಗಲಿಲ್ಲ, ನಿಂತೇ ಇದ್ದಳಲ್ಲ.

ತಿಂದು ಮುಗಿದ ಮೇಲೆ ಗಿರಾಕಿಗೆ ಪಾನಿಯಿಲ್ಲದ ಒಣ ಪೂರಿಯೊಂದನ್ನು ಸುಮ್ಮನೆ ಕೊಡುವುದು ಗಾಡಿಯ ವಾಡಿಕೆ. ಅವನು ಅದನ್ನೂ ಕೊಟ್ಟ. ಅವಳು ಅಭ್ಯಾಸಬಲದಿಂದ ಅದನ್ನು ಕರವಸ್ತ್ರದಲ್ಲಿ ಸುತ್ತಲು ಹೊರಟಳು, ಮನೆಗೆ ಬೇಕಾದೀತು ಅಂತ.

"ಇಲ್ಲೇ ತಿನ್ನು," ಎಂದ ಅವನು. "ಉಬ್ಬಿದ್ದು ಅದು. ಮನೆಗಲ್ಲ."

ಅವಳು ಇಡಿಯಾಗಿ ಬಾಯಿಗೆ ಹಾಕಿಕೊಂಡಳು. ಕಣ್ಣಲ್ಲಿ ನೀರು ತುಂಬಿ ಬಂತು. ಅವನು ಎಂದಿನಂತೆ ಆ ಕಣ್ಣುಗಳನ್ನೇ ನೋಡುತ್ತ ನಿಂತಿದ್ದ. ಖಾರ ಅಂತ ನೆಪ ಹೇಳೋಣವೆಂದರೆ, ಖಾರ ಬೇಡ ಅಂದವಳು ಅವಳೇ.