ನೂರು ಹುಣಸೆಬೀಜ

ಬಲಗಣ್ಣಿನ ಸುತ್ತ ಅವರಿಗೊಂದು ದುಂಡನೆಯ ಕಲೆ ಇತ್ತು. ದಿನಕ್ಕೆ ಆರು ತಾಸು ಸೂಕ್ಷ್ಮದರ್ಶಕಕ್ಕೆ ಕಣ್ಣು ಒತ್ತಿ ಮೂಡಿದ್ದು. ಜಮಖಂಡಿಯಲ್ಲಿ ಆಗ ಮಲೇರಿಯಾದ ಹೊಸ ಗುಳಿಗೆಯೊಂದನ್ನು ಪರೀಕ್ಷಿಸುವ ಸಣ್ಣ ಪ್ರಯೋಗಾಲಯವಿತ್ತು. ಅವರು ಅಲ್ಲಿಯ ಹಿರಿಯ ತಂತ್ರಜ್ಞರು. ನಾನು ಅವರ ಕೈಕೆಳಗೆ ಕೆಲಸ ಕಲಿತವಳು.

ಬನಹಟ್ಟಿಯ ನೇಕಾರರ ಮನೆಯವರು. ಒಂಬತ್ತಕ್ಕೆ ಐದು ನಿಮಿಷ ಇರುವಾಗ ಬಸ್ಸಿಳಿದು ಬರುವರು. ಮೇಜಿನ ಮೇಲೆ ಎರಡು ಬಟ್ಟಲು. ಒಂದರಲ್ಲಿ ನೂರು ಹುಣಸೆಬೀಜ. ಗಾಜಿನ ಮೇಲಿನ ರಕ್ತದ ಲೇಪವನ್ನು ಚೂರುಚೂರೇ ಸರಿಸಿ ನೋಡುತ್ತ, ಒಂದು ನೋಟಕ್ಕೆ ಒಂದು ಬೀಜವನ್ನು ಖಾಲಿ ಬಟ್ಟಲಿಗೆ ಹಾಕುವರು. ನೂರೂ ಮುಗಿಯದೆ ‘ಕ್ರಿಮಿ ಇಲ್ಲ’ ಎಂದು ಬರೆಯುವಂತಿಲ್ಲ. ಬರೆದ ಮೇಲೂ ಆ ಗಾಜನ್ನು ಇನ್ನೊಬ್ಬರು ನೋಡಲೇಬೇಕು. ಡಾಕ್ಟರು ಅವಸರ ಮಾಡಿದರೆ, “ಐವತ್ತು ಬೀಜ ನೀವ ಎಣಿಸ್ರಿ ಸಾಹೇಬ್ರ, ಲಗೂ ಆಗತೈತಿ” ಎನ್ನುವರು.

ಹುನ್ನೂರಿನ ಹುಡುಗಿಯೊಬ್ಬಳು ಗುಳಿಗೆ ಮುಗಿಸಿದ್ದಳು. ಅವಳ ರಕ್ತ ನೋಡಿ ಅವರು ‘ಇಲ್ಲ’ ಎಂದು ಬರೆದರು. ಅಂದರೆ ಜ್ವರ ಗುಣ, ಮದ್ದು ಬಂದ್. ಮರುದಿನ ಮುಂಜಾನೆ ಆ ಗಾಜು ನನ್ನ ಸರದಿಗೆ ಬಂತು. ಎಪ್ಪತ್ತನೆಯ ಬೀಜಕ್ಕೆ ಕ್ರಿಮಿ ಕಂಡಿತು. ಮೂರು ಸಲ ನೋಡಿದೆ. ಇತ್ತು. ನಾನು ಬಂದ ಮೇಲೆ ಅವರ ಬರಹ ತಿದ್ದಿದವರಿರಲಿಲ್ಲ. ಆ ಗಾಜನ್ನು ಬದಿಗಿಟ್ಟು ಬೇರೆಯವನ್ನು ನೋಡುತ್ತ ಕುಳಿತೆ. ಮಧ್ಯಾಹ್ನ ಅವರ ಊಟವಾದ ಮೇಲೆ ಹೇಳಿದೆ.

“ಸರ, ಇದನ್ನೊಮ್ಮಿ ನೋಡ್ರಿ.”

ಬಹಳ ಹೊತ್ತು ನೋಡಿದರು. “ಖರೆ ಐತಿ. ನಿನಗ ಯಾವಾಗ ಕಂಡ್ತು?”

“ಮುಂಜಾನೆ ಕಂಡ್ತರಿ.”

“ಮತ್ತ ಈಗ ಹೇಳಾಕತ್ತಿ? ನಾ ರೊಟ್ಟಿ ತಿನ್ನೂತನಕ ಕಾಯ್ದಿ? ನನ್ನ ಮರ್ಯಾದಿ ದೊಡ್ಡದೋ, ಆಕಿ ಜ್ವರ ದೊಡ್ಡದೋ, ಹೇಳಬೇ!”

ಅಲ್ಲಿಯವರೆಗೆ ನನ್ನನ್ನು ‘ತಂಗಿ’ ಎಂದೇ ಕರೆದವರು ಅವರು; ದನಿ ಎತ್ತಿದ್ದು ಅದೇ ಮೊದಲು.

ದಾಖಲೆಯಲ್ಲಿ ತಮ್ಮ ‘ಇಲ್ಲ’ವನ್ನು ಕೆಂಪು ಶಾಯಿಯಲ್ಲಿ ಹೊಡೆದು, ‘ನನ್ನ ತಪ್ಪು’ ಎಂದು ಬರೆದು ಸಹಿ ಹಾಕಿದರು. ಡಾಕ್ಟರಿಂದ ಬೇರೆ ಮದ್ದು ಬರೆಸಿಕೊಂಡು ಹುನ್ನೂರಿನ ಬಸ್ಸು ಹತ್ತಿದರು. ಹುಡುಗಿ ನಡುಗುತ್ತ ಮಲಗಿದ್ದಳಂತೆ. ವಾರದಲ್ಲಿ ಎದ್ದು ಓಡಾಡಿದಳು.

ಮರುದಿನ ಸೂಕ್ಷ್ಮದರ್ಶಕವನ್ನೂ ಎರಡು ಬಟ್ಟಲುಗಳನ್ನೂ ನನ್ನ ಮೇಜಿಗೆ ತಂದಿಟ್ಟರು. “ನನ್ನ ಕಣ್ಣು ಮಂದ ಆಗ್ಯಾವ ತಂಗಿ. ಇನ್ನ ನೀ ನೋಡು. ಕ್ರಿಮಿ ಎದ್ದು ಕಾಣೂಹಂಗ ನಾ ಗಾಜಿಗೆ ಬಣ್ಣ ಹಚ್ಚತೀನಿ. ನೇಕಾರಗ ಬಣ್ಣ ಹೊಸಾದೇನಲ್ಲ.” ನಿವೃತ್ತಿಯವರೆಗೆ ಅದನ್ನೇ ಮಾಡಿದರು.

ಅವರು ತೀರಿಕೊಂಡ ಸುದ್ದಿ ಬಂದಾಗ ನನ್ನ ಮುಂದೆ ಅರ್ಧ ನೋಡಿದ ಗಾಜಿತ್ತು. ಉಳಿದ ಬೀಜಗಳನ್ನು ಮುಗಿಸಿದೆ. ಏನೂ ಕಾಣಲಿಲ್ಲ. ಪಕ್ಕದ ಮೇಜಿನವಳ ಕೈಗೆ ಕೊಟ್ಟು, “ನೀ ಇನ್ನೊಮ್ಮಿ ನೋಡು. ಕಂಡರ ಆಗಿಂದಾಗ ಡಾಕ್ಟರಿಗೆ ಹೇಳು, ನನ್ನ ದಾರಿ ಕಾಯಬ್ಯಾಡ” ಎಂದು ಹೇಳಿ, ಬನಹಟ್ಟಿಯ ಬಸ್ಸಿಗೆ ಹೋದೆ.