ನಾನು ಬರೆದುಕೊಟ್ಟ ವಿಳಾಸ

ನನ್ನ ಕೈಬರಹ ಚೆನ್ನಾಗಿದೆ. ಲೈಬ್ರರಿಯ ರಿಜಿಸ್ಟರ್ ನೋಡಿದವರೆಲ್ಲ ಹೊಗಳುತ್ತಾರೆ. ಮೂರು ವಾರದ ಹಿಂದೆ ಒಂದು ಭಾನುವಾರ ಅದೇ ದುಂಡು ಅಕ್ಷರಗಳಲ್ಲಿ ಒಬ್ಬ ಹೆಣ್ಣುಮಗಳ ವಿಳಾಸ ಬರೆದೆ. ಅವಳು ಯಾರ ಕಣ್ಣಿಗೆ ಬೀಳಬಾರದೆಂದು ಎರಡು ವರ್ಷದಿಂದ ಅಡಗಿದ್ದಳೋ ಅವರ ಕೈಗೇ ಕೊಟ್ಟೆ.

ಕಾಫಿಯನ್ನೂ ಕೊಟ್ಟೆ.

ಈ ಅಂಕಣ ಓದುವವರಿಗೆ ನನ್ನ ಕ್ಯಾಮೆರಾ ಹುಚ್ಚು ಹೊಸದಲ್ಲ. ಚಾಮರಾಜನಗರದ ಕಾಲೇಜೊಂದರಲ್ಲಿ ಲೈಬ್ರರಿಯನ್ ಆಗಿರುವ ನಾನು ಎರಡನೇ ಶನಿವಾರ ಬಂತೆಂದರೆ ಬೆಳಿಗ್ಗೆಯೇ ರೈಲು ಹತ್ತಿ ಬೆಂಗಳೂರಿಗೆ ಹೋಗಿಬಿಡುತ್ತೇನೆ. ಅಂದು ತಂಗಿ ಗೀತಾಳ ಮನೆಯಲ್ಲಿ ಉಳಿದು ಭಾನುವಾರ ವಾಪಸ್. ಅಲ್ಲಿ ನನಗೆ ಯಾವ ಕೆಲಸವೂ ಇಲ್ಲ. ಸುಮ್ಮನೆ ನಡೆಯುವುದು, ಫೋಟೋ ತೆಗೆಯುವುದು. ಮೆಟ್ರೊ ಮೆಟ್ಟಿಲ ಮೇಲೆ ಕೂತು ಚಪ್ಪಲಿ ಬಿಚ್ಚಿ ಪಾದ ಒತ್ತಿಕೊಳ್ಳುತ್ತಿರುವ ಸೇಲ್ಸ್ ಹುಡುಗಿ. ಫ್ಲೈಓವರ್ ಕಂಬಕ್ಕೆ ಕನ್ನಡಿ ನೇತುಹಾಕಿ ತಲೆ ಬಾಚಿಕೊಳ್ಳುವ ಆಟೋ ಡ್ರೈವರ್. ಹೊಸ ಬಡಾವಣೆ, ಹಳೆ ಪೇಟೆ, ಯಾವುದಾದರೂ ಸರಿ. ("ಟಿಕೆಟ್ ತಗೊಂಡು ಹೋಗಿ ಬಿಸಿಲು ತಿಂದ್ಕೊಂಡು ಬರ್ತಾಳೆ" ಎನ್ನುವುದು ನಮ್ಮನೆಯವರ ಕಾಮೆಂಟು.)

ಹಾಗೆ ಒಂದು ಬೆಳಿಗ್ಗೆ ಗೀತಾಳ ಮನೆಯಿಂದ ಎರಡು ಬೀದಿ ಆಚೆ ಹೊಂಗೆ ಮರದ ಕೆಳಗೆ ಒಂದು ಇಸ್ತ್ರಿ ಗಾಡಿ ಕಂಡಿತು. ಮೂವತ್ತರ ಆಸುಪಾಸಿನ ಹೆಂಗಸು ಇದ್ದಿಲಿನ ಇಸ್ತ್ರಿಪೆಟ್ಟಿಗೆ ಹಿಡಿದು ಶರ್ಟಿನ ಕಾಲರ್ ಉಜ್ಜುತ್ತಿದ್ದಳು. ಅವಳನ್ನು ಸವಿತಾ ಎನ್ನೋಣ. (ಹೆಸರು ಬದಲಾಯಿಸಿದ್ದೇನೆ. ಈಗ ಬುದ್ಧಿ ಬಂದಿದೆ.)

"ಒಂದು ಫೋಟೋ ತೆಗೀಲಾ?" ಎಂದೆ.

"ನಂದಾ? ನಂದೇನವ್ವ ತೆಗ್ದೀರಿ!" ಎಂದು ನಕ್ಕಳು. ಆ ಮಾತಿನ ಧಾಟಿ ಕೇಳಿ ನನಗೆ ಖುಷಿಯೋ ಖುಷಿ. ನಮ್ಮ ಕಡೆಯವಳು!

"ನಂದು ಚಾಮರಾಜನಗರ. ನಿಮ್ದು ಯಾವೂರು?"

ಇಸ್ತ್ರಿಪೆಟ್ಟಿಗೆ ಒಂದು ಗಳಿಗೆ ನಿಂತಿತು. "ಆ ಕಡೇನೇ" ಎಂದಳು, ಅಷ್ಟೆ. ಊರು ನೆನಪಾಗಿರಬೇಕು ಎಂದುಕೊಂಡೆ. "ತೆಗೀರಿ ಬುಡಿ" ಎಂದು ಮತ್ತೆ ನಕ್ಕಳು.

ತೆಗೆದೆ. ಎಲೆಗಳ ಸಂದಿಯಿಂದ ಬೆಳಕು ಅವಳ ಎಡಗೈ ಮೇಲೆ ಬಿದ್ದಿತ್ತು. ಆ ಕೈ ಮೊಣಕೈ ಹತ್ತಿರ ಚೂರು ಸೊಟ್ಟಗಿತ್ತು, ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ಎಂಥ ಒಳ್ಳೆ ಪೋಸ್ ಎಂದುಕೊಂಡೆ. ಹಿಂದಿನ ಕಾಂಪೌಂಡಿಗೆ ಬಡಾವಣೆಯ ಹೆಸರು, ಕ್ರಾಸ್ ನಂಬರು ಬರೆದ ಹಳದಿ ಬೋರ್ಡು ಹೊಡೆದಿದ್ದರು. ಅದರ ಬಣ್ಣ ಫ್ರೇಮಿಗೆ ಚೆನ್ನಾಗಿರುತ್ತದೆ ಎಂದು ನಾನೇ ಎರಡು ಹೆಜ್ಜೆ ಎಡಕ್ಕೆ ಸರಿದು ಬೋರ್ಡನ್ನೂ ಒಳಗೆ ಸೇರಿಸಿಕೊಂಡೆ.

ಆಮೇಲೆ ಗುಂಡ್ಲುಪೇಟೆಯಲ್ಲಿ ಹವ್ಯಾಸಿಗಳೆಲ್ಲ ಸೇರಿ ಎರಡು ದಿನದ ಫೋಟೋ ಪ್ರದರ್ಶನ ಮಾಡಿದೆವು. ನನ್ನ ಹತ್ತು ಫೋಟೋಗಳಲ್ಲಿ ಎಲ್ಲರೂ ನಿಂತು ನೋಡಿದ್ದು ಇದನ್ನೇ. ಕೆಳಗೆ ಕ್ಯಾಪ್ಷನ್ ಬೇರೆ: 'ಬೆಂಗಳೂರಿನಲ್ಲಿ ನಮ್ಮ ಜಿಲ್ಲೆಯ ನಗು'. ಜನ ಮೊಬೈಲಿನಲ್ಲಿ ಅದರ ಫೋಟೋ ತೆಗೆದುಕೊಂಡರು, ಸ್ಟೇಟಸ್‌ಗೆ ಹಾಕಿಕೊಂಡರು. ನನ್ನ ಕಾಲು ನೆಲದ ಮೇಲಿರಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಮನೆ ಬಾಗಿಲಿಗೆ ಒಬ್ಬ ಹಿರಿಯರು ಬಂದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಒಂದು ಚಿಪ್ಪು ಏಲಕ್ಕಿ ಬಾಳೆ. ಗುಂಡ್ಲುಪೇಟೆ ಕಡೆಯ ಹಳ್ಳಿಯವರಂತೆ. ಪ್ರದರ್ಶನದಲ್ಲಿ ವಿಚಾರಿಸಿಕೊಂಡು ಬಂದಿದ್ದರು.

"ಆ ಇಸ್ತ್ರಿ ಪಟದಾಗವಳಲ್ಲ, ಅವ್ಳು ನಮ್ಮನೆ ಹುಡ್ಗಿ ಕಣವ್ವ. ಎಲ್ಡು ವರ್ಸ ಆಯ್ತು ಮೊಕ ನೋಡಿ."

ಟವೆಲ್ಲಿನಲ್ಲಿ ಕಣ್ಣು ಒರೆಸಿಕೊಂಡರು. ನನ್ನ ಕಣ್ಣಲ್ಲೂ ನೀರು.

"ಜಗಳ ಮಾಡ್ಕೊಂಡು ಹೋದ್ರಾ?" ನಾನೇ ಕೇಳಿದೆ.

"ಏನೋ ಮನೇಲಿ ಒಂದ್ ಮಾತು ಬಂತು. ಮಗೀನೂ ಎತ್ಕಂಡು ಒಂಟೋದ್ಳು. ಇಂದುಗಡೆ ಬೋಲ್ಡಲ್ಲಿ ಏನೋ ಬರ್ದದಲ್ಲ, ಅದೇನವ್ವ? ನನ್ ಕಣ್ಗೆ ಕಾಣದಿಲ್ಲ."

ಲ್ಯಾಪ್‌ಟಾಪ್ ತೆರೆದೆ. ಜೂಮ್ ಮಾಡಿದೆ. ಓದಿ ಹೇಳಿದೆ. ಮರೆತು ಹೋದೀತು ಎಂದು, ಪ್ರದರ್ಶನದಿಂದ ತಂದಿದ್ದ ಪ್ರಿಂಟಿನ ಬೆನ್ನಿಗೇ ವಿಳಾಸ ಬರೆದು ಕೊಟ್ಟೆ. ಎಲ್ಲಿ ಬಸ್ ಇಳಿಯಬೇಕು, ಎಷ್ಟನೇ ತಿರುವು ಎಂದೂ ವಿವರಿಸಿದೆ. "ಬೆಳಿಗ್ಗೆ ಎಂಟಕ್ಕೆಲ್ಲ ಗಾಡಿ ಹತ್ರ ಇರ್ತಾರೆ" ಎಂದೂ ಸೇರಿಸಿದೆ. ಯಾರು ಕೇಳಿದ್ದರು?

ಹಿರಿಯರು ಕೈ ಮುಗಿದು ಹೋದರು. ಒಂದು ಫೋಟೋ ಒಡೆದ ಮನೆಯನ್ನು ಒಂದು ಮಾಡಿತು ಅಂತ ಆ ವಾರದ ಅಂಕಣ ಬರೆಯಲು ಕೂತೆ. ಸುಳ್ಳು ಹೇಳುವುದಿಲ್ಲ, ಅರ್ಧ ಬರೆದೂ ಆಗಿತ್ತು.

ಮಂಗಳವಾರ ಹನ್ನೊಂದು ಗಂಟೆ ಹೊತ್ತಿಗೆ ಲೈಬ್ರರಿ ಕೌಂಟರಿನ ಮುಂದೆ ಒಬ್ಬ ಸಣಕಲು ಹೆಂಗಸು ಬಂದು ನಿಂತರು. ಉಡಿಗಾಲದಿಂದ ಬಸ್ಸಿನಲ್ಲಿ ಬಂದಿದ್ದರು. ಏದುಸಿರು ಬಿಡುತ್ತಿದ್ದರು.

"ಪಟ ತೆಗ್ದೋರು ನೀವೇಯಾ? ನಾನು ಅವ್ಳ ತಾಯಿ."

ನಾನು ನಕ್ಕೆ! ಥ್ಯಾಂಕ್ಸ್ ಹೇಳಲು ಬಂದಿದ್ದಾರೆ ಎಂದುಕೊಂಡೆ. "ಬನ್ನಿ, ಕೂತ್ಕೊಳ್ಳಿ. ಭಾನುವಾರ ನಿಮ್ಮ ಯಜಮಾನ್ರು ಬಂದಿದ್ರಲ್ಲ" ಎಂದೆ.

"ನಮ್ ಯಜಮಾನ್ರು ತೀರೋಗಿ ಆರು ವರ್ಸ ಆಯ್ತು. ಬಂದಿದ್ದೋನು ಅವ್ಳ ಮಾವ."

ನನ್ನ ಕೈಲಿದ್ದ ಪುಸ್ತಕ ಎಲ್ಲಿ ಇಟ್ಟೆನೋ ಈಗಲೂ ನೆನಪಿಲ್ಲ.

"ಅವ್ನ ಮಗ ನನ್ ಮಗ್ಳ ಕೈಯ ಬಾಗ್ಲುಸಂದಿಗೆ ಕೊಟ್ಟು ಮುರ್ದ. ಈ ಸಲ ಸಿಕ್ಕುದ್ರೆ ಜೀವಸಯ್ತ ಬುಡದಿಲ್ಲ ಅಂತ ಊರ್ ತುಂಬ ಯೋಳ್ಕಂಡು ತಿರುಗ್ತಾವ್ನೆ. ಅಪ್ಪ ಮಗ ಇಬ್ರೂವೆ ನಿನ್ನೆ ಒಂಟವ್ರಂತೆ. ಕಾಲೇಜ್ ಮೇಡಮ್ಮು ವಿಳಾಸ ಬರ್ಕೊಟ್ಟವ್ರೆ ಅಂತ ಅವ್ರ ಅಕ್ಕಪಕ್ಕದೋರು ಈಗ ಪೋನ್ ಮಾಡಿ ಯೋಳುದ್ರು." ಧ್ವನಿ ಏರಲಿಲ್ಲ. ಏರಿದ್ದರೆ ನನಗೆ ಎಷ್ಟೋ ವಾಸಿಯಿತ್ತು. "ಅವ್ಳು ಎಲ್ಲವ್ಳೆ ಅಂತ ನಾನು ಎತ್ತ ಮಗಂಗೂ ಎಲ್ಡು ವರ್ಸ ಬಾಯಿ ಬುಟ್ಟಿರ್ನಿಲ್ಲ ಕಣವ್ವ. ಅಬ್ಬಕ್ಕೂ ಓಗಿ ನೋಡ್ಲಿಲ್ಲ, ಯಾರಾರ ಇಂದೆ ಬಂದಾರು ಅಂತ. ನೀವು ಬರ್ದು ಕೊಟ್ಬುಟ್ರಲ್ಲ."

ಸೊಟ್ಟಗಿನ ಎಡಗೈ. ಒಳ್ಳೆ ಪೋಸ್.

"ಫೋನ್ ಮಾಡಿದ್ರಾ ಅವ್ರಿಗೆ?"

"ಪೋನ್ ಬಂದಾಗಿಂದ ಮಾಡ್ತಾ ಇವ್ನಿ. ಎತ್ತದಿಲ್ಲ. ಅಲ್ಲಿ ನಿಮ್ಮೋರು ಯಾರಾರ ಅವ್ರಾ?"

ಗೀತಾಳಿಗೆ ಫೋನ್ ಮಾಡಿದೆ. ಏನು ಹೇಳಿದೆನೋ, ಹೇಗೆ ಹೇಳಿದೆನೋ, ಅವಳು ಒಲೆ ಆರಿಸಿ ಓಡಿದಳು. ಹತ್ತು ನಿಮಿಷಕ್ಕೆ ಅವಳದೇ ಫೋನ್. "ಅಕ್ಕಾ, ಗಾಡಿ ಇದೆ. ಇಸ್ತ್ರಿಪೆಟ್ಟಿಗೆ ಇನ್ನೂ ಬಿಸಿ ಇದೆ. ಬಟ್ಟೆಯೆಲ್ಲ ರಸ್ತೇಲಿ ಬಿದ್ದಿದೆ. ಅವ್ರಿಲ್ಲ."

ಆ ತಾಯಿ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಏನೆಂದು ಹೇಳಲಿ? ಬಿಸಿ ಇದೆ ಎಂದು ಹೇಳಲೇ? ಬಟ್ಟೆ ಬಿದ್ದಿದೆ ಎಂದು ಹೇಳಲೇ? "ಹುಡುಕ್ತಾ ಇದಾರೆ" ಎಂದೆ. ಅವರು ನೆಲದ ಮೇಲೆಯೇ ಕುಸಿದು ಕೂತರು. ನಾನೂ ಪಕ್ಕದಲ್ಲಿ ಕೂತೆ. ಪುಸ್ತಕ ವಾಪಸ್ ಕೊಡಲು ಬಂದ ವಿದ್ಯಾರ್ಥಿಗಳು ನಮ್ಮಿಬ್ಬರನ್ನು ನೋಡಿ ಹಾಗೇ ಹಿಂದಕ್ಕೆ ಹೋದರು.

ಇಪ್ಪತ್ತು ನಿಮಿಷ. ಅಷ್ಟು ಉದ್ದದ ಇಪ್ಪತ್ತು ನಿಮಿಷ ನನ್ನ ಜೀವನದಲ್ಲಿ ಇನ್ನೊಂದಿಲ್ಲ.

ಆಮೇಲೆ ಗೀತಾ ಮತ್ತೆ ಫೋನ್ ಮಾಡಿದಳು. ಸವಿತಾ ಬದುಕಿದ್ದಳು. ಅಪ್ಪ ಮಗ ಇಬ್ಬರೂ ಬೀದಿಯ ತುದಿಯಲ್ಲಿ ಕೈಯಲ್ಲೊಂದು ಫೋಟೋ ಹಿಡಿದು ತರಕಾರಿಯವನನ್ನು ವಿಚಾರಿಸುತ್ತಿದ್ದುದನ್ನು ಅವಳೇ ಮೊದಲು ನೋಡಿದಳಂತೆ. ಎಲ್ಲ ಬಿಟ್ಟು ಎದುರು ಮನೆಗೆ ಓಡಿದಳು. ಮೊಬೈಲು ಗಾಡಿಯಲ್ಲೇ ಉಳಿಯಿತು. ಎದುರು ಮನೆಯಲ್ಲಿರುವುದು ಒಬ್ಬ ನಿವೃತ್ತ ನರ್ಸ್. ಅವರು ಏನನ್ನೂ ಕೇಳದೆ ಅವಳನ್ನು ಒಳಗೆ ಬಿಟ್ಟು, ಗೇಟಿಗೆ ಬೀಗ ಜಡಿದು, ಪೊಲೀಸರಿಗೆ ಫೋನ್ ಮಾಡಿದರು. ಗಂಡ ಗೇಟು ಹತ್ತಲು ನೋಡಿದ. ಗಾಡಿಯ ಬಟ್ಟೆಗಳನ್ನು ಎಳೆದು ಬಿಸಾಕಿದ. ಪೊಲೀಸರು ಬಂದು ಇಬ್ಬರನ್ನೂ ಠಾಣೆಗೆ ಕರೆದೊಯ್ದರು.

ಮರುದಿನ ನಾನು ಆ ತಾಯಿಯನ್ನು ಕರೆದುಕೊಂಡು ಬೆಂಗಳೂರಿಗೆ ಹೋದೆ. ಕ್ಯಾಮೆರಾ ಇಲ್ಲದೆ. ವಿಳಾಸ ಹೇಗೆ ಸಿಕ್ಕಿತು ಎಂದು ಠಾಣೆಯಲ್ಲಿ ಬರೆದುಕೊಡಬೇಕಿತ್ತು, ಬರೆದುಕೊಟ್ಟೆ. ಇನ್ನು ಅವಳ ತಂಟೆಗೆ ಹೋಗುವುದಿಲ್ಲ ಎಂದು ಅಪ್ಪ ಮಗ ಮುಚ್ಚಳಿಕೆ ಬರೆದಿದ್ದಾರೆ. ಅದನ್ನು ಎಷ್ಟು ನಂಬಬಹುದು? ಸವಿತಾ ನಂಬಲಿಲ್ಲ. ಅಷ್ಟು ಹೊತ್ತಿಗಾಗಲೇ ಮಗಳನ್ನು ಶಾಲೆ ಬಿಡಿಸಿ ಬೇರೆ ಕಡೆ ಹೊರಟುಹೋಗಿದ್ದಳು. ಎರಡು ವರ್ಷ ಮನೆ ಮನೆ ಬಾಗಿಲು ತಟ್ಟಿ ಕೂಡಿಸಿಕೊಂಡಿದ್ದ ಗಿರಾಕಿಗಳು, ಒಂದನೇ ಕ್ಲಾಸಿನ ಮಗುವಿನ ಗೆಳತಿಯರು, ಹೊಂಗೆ ಮರದ ನೆರಳು ಎಲ್ಲ ಅಲ್ಲೇ ಉಳಿದವು. ಎಲ್ಲಿಗೆ ಹೋದಳು ಎಂದು ನನಗೆ ಗೊತ್ತಿಲ್ಲ. ನನಗೆ ಹೇಳಬಾರದು ಎಂದು ಅವಳೇ ಹೇಳಿದ್ದಾಳೆ. ಸರಿಯಾಗಿಯೇ ಹೇಳಿದ್ದಾಳೆ.

ಆದರೆ ಹೊರಡುವ ಮೊದಲು ಆ ನರ್ಸಮ್ಮನ ಫೋನಿನಿಂದ ಒಮ್ಮೆ ಮಾತಾಡಿದ್ದಳು. ತಪ್ಪಾಯಿತು ಎಂದೆ. ಗೊತ್ತಿರಲಿಲ್ಲ ಎಂದೆ. ನೀವೇ ಹೂಂ ಅಂದಿದ್ರಲ್ಲ ಎಂದೂ ಅಂದುಬಿಟ್ಟೆ. ನಾಚಿಕೆಗೇಡು, ಆದರೆ ಅಂದೆ.



"ತೆಗಿಯಕ್ಕೆ ಹೂಂ ಅಂದೆ ಮೇಡಂ. ಊರ್ಗೆಲ್ಲ ತೋರ್ಸಿ ಅಂತ ಯಾವಾಗ ಅಂದೆ?"

ಫೋನ್ ಇಟ್ಟಳು.

ಅಂದೇ ಎಲ್ಲ ಕಡೆಯಿಂದ ಆ ಫೋಟೋ ಅಳಿಸಿದೆ. ಸ್ಟೇಟಸ್‌ಗೆ ಹಾಕಿದ್ದವರಿಗೆ, ಗ್ರೂಪುಗಳಿಗೆ ಕಳಿಸಿದ್ದವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ಬೇಡಿಕೊಂಡೆ. ಹೆಚ್ಚಿನವರು ಅಳಿಸಿದರು. ಗುಂಡ್ಲುಪೇಟೆಯ ಸ್ನೇಹಿತರೊಬ್ಬರು ಮಾತ್ರ "ಅಯ್ಯೋ, ಅಷ್ಟು ಚೆನ್ನಾಗಿರೋ ಫೋಟೋನಾ? ಯಾಕೆ ಮೇಡಂ?" ಎಂದರು. ಇನ್ನೂ ಎಷ್ಟು ಜನರ ಫೋನಿನಲ್ಲಿ ಅವಳು ನಗುತ್ತಿದ್ದಾಳೋ ನನಗೆ ಗೊತ್ತಾಗುವುದೇ ಇಲ್ಲ.

ಈಗ ಸಂಜೆ ಕಾಲೇಜಿನಿಂದ ಬಂದು ಹಳೆಯ ಫೋಟೋಗಳನ್ನು ಒಂದೊಂದಾಗಿ ನೋಡುತ್ತಿದ್ದೇನೆ. ಮೆಟ್ರೊ ಮೆಟ್ಟಿಲ ಹುಡುಗಿ ಯಾರಿಗೆ ಹೇಳದೆ ಆ ಕೆಲಸಕ್ಕೆ ಸೇರಿದ್ದಾಳೋ? ಆ ಆಟೋ ಡ್ರೈವರನ್ನು ಯಾರು ಹುಡುಕುತ್ತಿದ್ದಾರೋ? ಮೊದಲು ಬೆಳಕು, ಬಣ್ಣ, ಫ್ರೇಮು ನೋಡುತ್ತಿದ್ದೆ. ಈಗ ಹಿಂದಿನ ಬೋರ್ಡುಗಳನ್ನು ಓದುತ್ತಿದ್ದೇನೆ.

ನಿಮ್ಮ ಮೊಬೈಲಿನಲ್ಲಿ ಯಾರ ವಿಳಾಸವಿದೆ, ನೋಡಿಕೊಂಡಿದ್ದೀರಾ?