ಟ್ಯಾಂಕಿನ ಮೇಲಿನ ಅಂಗೈ

ಪಾಣೆಮಂಗಳೂರು ಸೇತುವೆಯ ಹತ್ತಿರ ಒಬ್ಬರು ಮೆಕ್ಯಾನಿಕ್ ಇದ್ದರು. ಅಪ್ಪನ ಜಾವಾ, ನನ್ನ ಯೆಜ್ಡಿ ಎರಡನ್ನೂ ಅವರಲ್ಲಿಗೇ ಒಯ್ಯುತ್ತಿದ್ದೆ. ಎರಡೂ ಮೈಸೂರಿನ ಒಂದೇ ಕಾರ್ಖಾನೆಯ ಬೈಕುಗಳು. ಬೈಕು ಸ್ಟಾರ್ಟ್ ಮಾಡಿ, ಟ್ಯಾಂಕಿನ ಮೇಲೆ ಅಂಗೈಯೂರಿ ಅವರು ಕಣ್ಣು ಮುಚ್ಚುತ್ತಿದ್ದರು. ನಾವು ಮಾತಾಡುವಾಗ ಮಾತ್ರ ನಮ್ಮ ಮುಖವನ್ನೇ ನೋಡುತ್ತಿದ್ದರು. ಯಾವುದು ಒಳ್ಳೆಯದೆಂದು ಕೇಳಿದರೆ ಒಂದೇ ಉತ್ತರ: "ಜಾವಾ ಹಾಡ್ತದೆ, ಯೆಜ್ಡಿ ಜಗಳ ಮಾಡ್ತದೆ. ಎರಡೂ ಬೇಕು ಮಾರಾಯ್ರೆ."

ಶಬ್ದ ಕೇಳಿಯೇ ರೋಗ ಹೇಳುವವರೆಂದು ಬಂಟ್ವಾಳವಿಡೀ ಅವರ ಕಿವಿಯನ್ನು ಹೊಗಳುತ್ತಿತ್ತು.

ಒಂದು ದಿನ ರಸ್ತೆಯಂಚಿನಲ್ಲಿ ಯೆಜ್ಡಿಯ ಚೈನು ನೋಡುತ್ತಿದ್ದರು. ಹಿಂದಿನಿಂದ ಬಂದ ಬಸ್ಸು ಹಾರ್ನ್ ಹೊಡೆದೇ ಹೊಡೆಯಿತು. ಅವರು ಕದಲಲಿಲ್ಲ. ನಾನು ತೋಳು ಹಿಡಿದು ಎಳೆದೆ. ಬಸ್ಸು ದಾಟಿದ ಮೇಲೆ ನನ್ನ ಮುಖ ನೋಡಿ ತಗ್ಗಿದ ದನಿಯಲ್ಲಿ ಹೇಳಿದರು:

"ಕಿವಿ ಹೋಗಿ ನಾಲ್ಕು ವರ್ಷ ಆಯ್ತು. ಯಾರತ್ರವೂ ಹೇಳ್ಬೇಡಿ. ಗೊತ್ತಾದ್ರೆ ಗಾಡಿ ಯಾರು ತರ್ತಾರೆ?"

"ಹಾಗಾದ್ರೆ ಆ ಹಾಡು, ಜಗಳ?"

ಅವರು ನಕ್ಕು, ಯೆಜ್ಡಿ ಸ್ಟಾರ್ಟ್ ಮಾಡಿ, ನನ್ನ ಅಂಗೈ ಹಿಡಿದು ಟ್ಯಾಂಕಿನ ಮೇಲಿಟ್ಟರು.

ನಾನು ಯಾರಿಗೂ ಹೇಳಲಿಲ್ಲ. ಈಗ ಅವರಿಲ್ಲ. ಭಾನುವಾರ ಎರಡೂ ಬೈಕು ಸ್ಟಾರ್ಟ್ ಮಾಡಿ, ಕಣ್ಣು ಮುಚ್ಚಿ, ಟ್ಯಾಂಕುಗಳ ಮೇಲೆ ಒಂದೊಂದು ಅಂಗೈ ಇಡುತ್ತೇನೆ. ಎಷ್ಟು ಹೊತ್ತು ಇಟ್ಟರೂ ನನಗೆ ಕಿವಿಯಲ್ಲಿ ಮಾತ್ರ ಕೇಳುತ್ತದೆ.